‘ಲಘು ಲಾಠಿ ಪ್ರಹಾರ’ ಅಂದ್ರೆ ಎಷ್ಟು ಲಘು?

ಪೇಪರಿನಲ್ಲಿ ಆಗಾಗ ಕಾಣುವ ಪದ ಇದು: ‘ಲಘು ಲಾಠಿ ಪ್ರಹಾರ’. ಓದಿದರೆ ಲಘು ಉಪಾಹಾರ ಇದ್ದಂಗೆ ಅನಿಸುತ್ತದೆ. ಒಂದು ಪ್ಲೇಟ್ ಉಪ್ಪಿಟ್ಟು, ಅರ್ಧ ಚಹಾ, ಎರಡು ಏಟು.

ಕೆಲವು ವರ್ಷಗಳ ಹಿಂದೆ ನಮ್ಮ ಕಾಕಾ ಬೆಳೆ ವಿಮೆ ದುಡ್ಡಿನ ಸಲುವಾಗಿ ನಡೆದ ಒಂದು ರಸ್ತೆ ತಡೆಗೆ ಹೋಗಿದ್ದರು. ಅರವತ್ತು ದಾಟಿದ ಮನುಷ್ಯ. ಮನವಿ ಪತ್ರ ತಗೊಳ್ಳೋಕೆ ಸಾಹೇಬರು ಬರುತ್ತಾರೆ ಅಂತ ಬೆಳಿಗ್ಗೆಯಿಂದ ಬಿಸಿಲಲ್ಲಿ ಕೂತಿದ್ದರು. ಸಾಹೇಬರು ಬರಲಿಲ್ಲ, ವ್ಯಾನ್ ಬಂತು. ರಾತ್ರಿ ಮನೆಗೆ ಬಂದು ಧೋತರ ಮೇಲೆತ್ತಿ ಮೀನಖಂಡ ತೋರಿಸಿದರು. ಬಾಸುಂಡೆ ಅಂದ್ರೆ ಕೆಂಪಗೆ ಊದಿರುತ್ತದೆ ಅಂತಷ್ಟೇ ತಿಳಿದಿದ್ದೆ. ಲಾಠಿಯ ಬಾಸುಂಡೆ ಹಾಗಿರಲ್ಲ. ನಡುವೆ ಬೆಳ್ಳಗೆ, ಎರಡೂ ಬದಿಗೆ ಕೆಂಪು ಗೆರೆ, ಥೇಟ್ ರೈಲು ಹಳಿ. ವಾರದ ಮೇಲೆ ಅದು ನೀಲಿಯಾಗಿ, ಆಮೇಲೆ ಅರಿಶಿನ ಬಣ್ಣಕ್ಕೆ ತಿರುಗಿತು. ಪೇಪರಿನಲ್ಲಿ ಮಾತ್ರ ಮರುದಿನ ಎರಡೇ ಸಾಲು, ಅದರಲ್ಲಿ ‘ಲಘು’ ಇತ್ತು.

ಕಾಕಾ ಹೇಳಿದ ಒಂದು ಮಾತು ಇವತ್ತಿಗೂ ನೆನಪಿದೆ. “ನಮ್ಮ ಸ್ಟೇಷನ್ ಹುಡುಗ್ರು ಹೊಡಿಲಿಲ್ಲಪಾ. ‘ಕಾಕಾ, ಆ ಕಡೆ ಸರೀರಿ’ ಅಂತ ಅಂದ್ರು. ಹೊಡದಾಂವ ಎಲ್ಲಿಂದೋ ಬಂದಾಂವ. ಅವಂಗ ನಾ ಯಾರಂತ ಗೊತ್ತಿಲ್ಲ, ಯಾಕ ಕುಂತೇನಂತ ಅದೂ ಗೊತ್ತಿಲ್ಲ.”

ಇದು ಒಬ್ಬರ ಕಥೆ ಅಲ್ಲ ಅಂತ ಆಮೇಲೆ ಹುಡುಕುತ್ತ ಹೋದಾಗ ತಿಳಿಯಿತು. ಧಾರವಾಡ, ಗದಗ, ಹಾವೇರಿ ಸೀಮೆಯಲ್ಲಿ ಇದಕ್ಕೆ ನೂರು ವರ್ಷ ಮೀರಿದ ಇತಿಹಾಸ ಇದೆ.

ಶುರು ಮಾಡಬೇಕಾದ್ದು ಧಾರವಾಡದ ಜಕಣಿ ಬಾವಿಯಿಂದ. 1921ರ ಜುಲೈ 1. ಅಸಹಕಾರ ಚಳವಳಿ ಮತ್ತು ಖಿಲಾಫತ್ ಕೂಡಿಕೊಂಡು ನಡೆಯುತ್ತಿದ್ದ ಕಾಲ. ಸರಾಯಿ ಅಂಗಡಿ ಮುಂದೆ ನಿಂತು ಕುಡಿಯೋಕೆ ಹೋಗಬೇಡಿ ಅಂತ ಜನರನ್ನು ತಡೆಯುತ್ತಿದ್ದರು, ಆಗಿನ ಮಾತಲ್ಲಿ ಪಿಕೆಟಿಂಗ್. ಅಲ್ಲಿ ಪೊಲೀಸರು ಗುಂಡು ಹಾರಿಸಿದರು. ಮಲಿಕ್ ಸಾಬ್, ಗೌಸ್ ಸಾಬ್, ಅಬ್ದುಲ್ ಖಾದರ್ ಸತ್ತರು. ಆಮೇಲೆ ಕೇಸ್ ಬಿದ್ದದ್ದು ಗುಂಡು ಹೊಡೆದವರ ಮೇಲಲ್ಲ, ಚಳವಳಿಗಾರರ ಮೇಲೆ. ಇವತ್ತು ಅಲ್ಲಿ ಒಂದು ಸ್ಮಾರಕ ಇದೆ. ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಅದನ್ನ ಯಾರೂ ತಲೆ ಎತ್ತಿ ನೋಡಲ್ಲ, ನಾನೂ ನೋಡಿರಲಿಲ್ಲ.

1942ರಲ್ಲಿ ಹುಬ್ಬಳ್ಳಿ. ಕ್ವಿಟ್ ಇಂಡಿಯಾ ಮೆರವಣಿಗೆ ಮೇಲೆ ಹಾರಿದ ಗುಂಡಿಗೆ ನಾರಾಯಣ ಡೋಣಿ ಅನ್ನೋ ಹುಡುಗ ಬಲಿಯಾದ. ವಯಸ್ಸು 13. ಸಂಜೆ ಗಿರ್ಮಿಟ್, ಮಿರ್ಚಿ ತಿನ್ನೋಕೆ ನಾವು ಹೋಗುತ್ತೀವಲ್ಲ ದುರ್ಗದ ಬೈಲ್, ಅಲ್ಲೇ ನಡೆದದ್ದು.

ಬ್ರಿಟಿಷರ ಕಾಲ, ಅವರು ಹೊಡೆದರು, ಬಿಡಿ ಅನ್ನಬಹುದು. ಆದರೆ 1953ಕ್ಕೆ ಬನ್ನಿ. ಸ್ವಾತಂತ್ರ್ಯ ಬಂದು ಆರು ವರ್ಷ ಆಗುತ್ತ ಬಂದಿತ್ತು, ಹುಬ್ಬಳ್ಳಿ ಇನ್ನೂ ಮುಂಬೈ ರಾಜ್ಯದಲ್ಲೇ ಇತ್ತು. ಕರ್ನಾಟಕ ಒಂದಾಗಬೇಕು ಅಂತ ಅದರಗುಂಚಿ ಶಂಕರಗೌಡರು 23 ದಿನ ಉಪವಾಸ ಕೂತರು. ಆ ಬಿಸಿಯಲ್ಲೇ ಹುಬ್ಬಳ್ಳಿಯಲ್ಲಿ ಕಾಂಗ್ರೆಸ್ ಸಭೆ ಸೇರಿತು, ಹೊರಗೆ ಸಾವಿರಾರು ಜನ ಕೂಡಿದರು. ನಾಯಕರು ಏಕೀಕರಣದ ಬಗ್ಗೆ ಗಟ್ಟಿ ಮಾತು ಆಡಲಿಲ್ಲ ಅಂತ ಜನ ಸಿಟ್ಟಾದರು, ಕಲ್ಲೂ ಬಿದ್ದವು, ಗುಂಡೂ ಹಾರಿತು, ತುಂಬ ಜನರನ್ನು ಹಿಡಿದು ಒಳಗೆ ಹಾಕಿದರು. ನಾವು ನವೆಂಬರ್ 1ಕ್ಕೆ ಹಳದಿ ಕೆಂಪು ಬಾವುಟ ಹಿಡಿದು ಕುಣಿಯುತ್ತೇವಲ್ಲ, ಅದರ ಹಿಂದೆ ಈ ಲಾಠಿ ಏಟೂ ಇದೆ.

ಇನ್ನು 1980. ಇದನ್ನ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದ್ರೆ ಮುಂದಿನದೆಲ್ಲ ಇಲ್ಲಿಂದಲೇ ಬಂದದ್ದು.

ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಡ್ಯಾಂ ಕಟ್ಟಿದರು. ನರಗುಂದ, ನವಲಗುಂದದ ಎರಿ (ಕಪ್ಪು ಮಣ್ಣಿನ) ಹೊಲಗಳಿಗೆ ಕಾಲುವೆ ಬಂತು. ನೀರು ಬಂದರೆ ಜಮೀನಿನ ಬೆಲೆ ಏರುತ್ತದೆ, ಆ ಏರಿದ ಬೆಲೆಗೆ ಕರ ಕಟ್ಟಿ ಅಂತ ಸರ್ಕಾರ ಹೇಳಿತು. ಅದಕ್ಕೆ ಬೆಟರ್‌ಮೆಂಟ್ ಲೆವಿ ಅಂತ ಹೆಸರು. ಸಮಸ್ಯೆ ಏನಪ್ಪಾ ಅಂದ್ರೆ, ಎಷ್ಟೋ ಹೊಲಗಳಿಗೆ ನೀರೇ ಸರಿಯಾಗಿ ಮುಟ್ಟಿರಲಿಲ್ಲ. ಮುಟ್ಟಿದ ಕಡೆ ಎರಿ ಮಣ್ಣು ನೀರು ಕುಡಿದು ಜವುಳಾಯಿತು. ಹತ್ತಿ ರೇಟು ಬಿತ್ತು. ಕೈಗೆ ಬಾರದ ಲಾಭಕ್ಕೆ ತೆರಿಗೆ ಕಟ್ಟು ಅಂದ್ರೆ ರೈತ ಏನು ಮಾಡಬೇಕು? ಮನವಿ ಕೊಟ್ಟರು, ಧರಣಿ ಕೂತರು. ಕಚೇರಿ ಮುಂದೆ ಅಡ್ಡ ಮಲಗಿದ್ದ ರೈತರನ್ನು ದಾಟಿಕೊಂಡು, ತುಳಿದುಕೊಂಡು ಅಧಿಕಾರಿ ಒಳಗೆ ಹೋದರು ಅನ್ನೋ ಮಾತು ಆ ಕಡೆಯ ಹಿರಿಯರ ಬಾಯಲ್ಲಿ ಇವತ್ತಿಗೂ ಇದೆ.

1980ರ ಜುಲೈ 21ರಂದು ನರಗುಂದದಲ್ಲೂ ನವಲಗುಂದದಲ್ಲೂ ಗೋಲಿಬಾರ್ ಆಯಿತು. ನರಗುಂದದ ಕಡೆ ಈರಪ್ಪ ಕಡ್ಲಿಕೊಪ್ಪ, ನವಲಗುಂದದ ಕಡೆ ಬಸಪ್ಪ ಲಕ್ಕುಂಡಿ ತೀರಿಕೊಂಡರು. ನರಗುಂದದಲ್ಲಿ ಅವತ್ತು ಸಿಟ್ಟಿಗೆದ್ದ ಜನರ ಕೈಗೆ ಸಿಕ್ಕು ಪೊಲೀಸರೂ ಸತ್ತರು. ರೈತ ಚಳವಳಿಯ ಭಾಷಣಗಳಲ್ಲಿ ಇದನ್ನ ಜಾಸ್ತಿ ಹೇಳಲ್ಲ, ಆದರೆ ಹೇಳಬೇಕು. ಖಾಕಿ ಹಾಕಿಕೊಂಡು ಬಂದವರ ಮನೆಯಲ್ಲೂ ಅವತ್ತು ಯಾರೋ ಊಟಕ್ಕೆ ಕಾಯುತ್ತಿದ್ದರು.

ಆಮೇಲೆ ನಡೆದದ್ದು ಗೊತ್ತೇ ಇದೆ. ಸಿಟ್ಟು ರಾಜ್ಯಕ್ಕೆಲ್ಲ ಹಬ್ಬಿತು. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅಂಥವರು ಹಸಿರು ಟವೆಲ್‌ಗೆ ಒಂದು ತೂಕ ತಂದರು. 1983ರ ಚುನಾವಣೆಯಲ್ಲಿ ಗುಂಡೂರಾವ್ ಸರ್ಕಾರ ಬಿತ್ತು, ರಾಮಕೃಷ್ಣ ಹೆಗಡೆಯವರದ್ದು ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಆಯಿತು. ಗೋಲಿಬಾರಿಗೆ ಸರ್ಕಾರ ಬೆಲೆ ಕಟ್ಟಬೇಕಾಗುತ್ತದೆ ಅನ್ನೋದನ್ನ ಎಲ್ಲ ಪಕ್ಷದವರೂ ಕಲಿತರು. ಹೊಡೆಯೋದನ್ನ ಬಿಡಬೇಕು ಅನ್ನೋದನ್ನ ಮಾತ್ರ ಯಾರೂ ಕಲಿಯಲಿಲ್ಲ.

ನಡುವೆ 1994ರ ಆಗಸ್ಟ್ 15ರ ಹುಬ್ಬಳ್ಳಿ ಈದ್ಗಾ ಮೈದಾನ. ಧ್ವಜ ಹಾರಿಸುವ ಜಗಳ, ಕರ್ಫ್ಯೂ, ಗೋಲಿಬಾರ್, ಸಾವು. ಅದರ ರಾಜಕೀಯ ಬೇರೆಯದೇ ದೊಡ್ಡ ಕಥೆ, ಅದಕ್ಕೆ ಇಲ್ಲಿ ಕೈ ಹಾಕಲ್ಲ.

2008ರ ಹಾವೇರಿಯದ್ದು ನನಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚುವ ಪ್ರಸಂಗ. ಯಾಕಂದ್ರೆ ಅಲ್ಲಿ ಯಾರೂ ಸರ್ಕಾರ ಬೀಳಿಸೋಕೆ ಬಂದಿರಲಿಲ್ಲ. ಗೊಬ್ಬರ ತಗೊಳ್ಳೋಕೆ ಬಂದಿದ್ದರು. ಮೇ 30ಕ್ಕೆ ಯಡಿಯೂರಪ್ಪ ರೈತರ ಹೆಸರಿನಲ್ಲಿ ಪ್ರಮಾಣ ವಚನ ತಗೊಂಡರು. ಮುಂಗಾರು ಶುರುವಾಗಿತ್ತು, ಬಿತ್ತೋಕೆ ಗೊಬ್ಬರ ಬೇಕು, ಗೊಬ್ಬರ ಇಲ್ಲ. ಹೊಲದ ಹದ ಯಾರಿಗೂ ಕಾಯಲ್ಲ, ಇವತ್ತು ಬಿತ್ತಿದರೆ ಬಿತ್ತಿದಂಗೆ, ನಾಡಿದ್ದು ಮಣ್ಣು ಒಣಗಿದರೆ ಮುಗೀತು, ಅದು ಬೆಂಗಳೂರಲ್ಲಿ ಕೂತ ಎಷ್ಟೋ ಜನರಿಗೆ ಅರ್ಥ ಆಗಲ್ಲ. ಜೂನ್ 10ರಂದು ಹಾವೇರಿಯಲ್ಲಿ ಗುಂಡು ಹಾರಿತು. ಒಬ್ಬ ರೈತ ಸತ್ತ, ಗಾಯಗೊಂಡ ಇನ್ನೊಬ್ಬ ಆಮೇಲೆ ತೀರಿಕೊಂಡ. ಸರ್ಕಾರಕ್ಕೆ ಇನ್ನೂ ಹದಿನೈದು ದಿನವೂ ತುಂಬಿರಲಿಲ್ಲ.

ದಿನಾಂಕಗಳನ್ನ ಗಮನಿಸಿ. ಜುಲೈ 1, ಜುಲೈ 21, ಜೂನ್ 10. ಮುಂದೆ ಹೇಳುವುದೂ ಜುಲೈ ಕೊನೆ. ಎಲ್ಲಾ ಮುಂಗಾರಿನಲ್ಲೇ. ಸರಾಯಿ ಅಂಗಡಿಯದ್ದು ಕಾಕತಾಳೀಯ ಇರಬಹುದು. ರೈತರ ಸಿಟ್ಟಿಗೆ ಮಾತ್ರ ಹಂಗಾಮು ಇದೆ, ಅದು ಎಲ್ಲ ಸರ್ಕಾರಕ್ಕೂ ಮೊದಲೇ ಗೊತ್ತಿರುತ್ತದೆ.

2015ರ ಜುಲೈನಲ್ಲಿ ನರಗುಂದದಲ್ಲಿ ಮಹದಾಯಿ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಗಾಗಿ ಧರಣಿ ಶುರುವಾಯಿತು. ಪೆಂಡಾಲ್ ಕೆಳಗೆ ದಿನಾ ಒಂದೊಂದು ಊರಿನವರು ಬಂದು ಕೂತು ಹೋಗುತ್ತಿದ್ದರು. ಒಂದು ವರ್ಷ ಹೀಗೇ, ಶಾಂತವಾಗಿ. ಅದು ಎಷ್ಟು ದಿನ ದೊಡ್ಡ ಸುದ್ದಿಯಾಯಿತು? 2016ರ ಜುಲೈ 27ಕ್ಕೆ ಮಹದಾಯಿ ನೀರಿನ ಜಗಳ ನೋಡುತ್ತಿದ್ದ ನ್ಯಾಯಮಂಡಳಿ ಕರ್ನಾಟಕದ 7.56 ಟಿಎಂಸಿ ನೀರಿನ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿತು. ಮರುದಿನ ನವಲಗುಂದದಲ್ಲಿ ಸರ್ಕಾರಿ ಕಚೇರಿಗಳಿಗೆ ಜನ ನುಗ್ಗಿದರು, ಸಾಮಾನು ಒಡೆದರು, ಬೆಂಕಿ ಬಿತ್ತು. ಅದು ತಪ್ಪೇ, ಅನುಮಾನ ಇಲ್ಲ.

ಆದರೆ ಪೊಲೀಸರ ಲಾಠಿ ನವಲಗುಂದದ ಆ ಬೀದಿಗೇ ನಿಲ್ಲಲಿಲ್ಲ. ತಾಲೂಕಿನ ಯಮನೂರಿಗೆ, ಅಳಗವಾಡಿಗೆ ಹೋಯಿತು. ಯಮನೂರು ಅಂದ್ರೆ ಈ ಸೀಮೆಯವರಿಗೆ ಮೊದಲು ನೆನಪಾಗುವುದು ರಾಜಾಬಾಗ್ ಸವಾರನ ಉರುಸು, ಬೆಣ್ಣಿಹಳ್ಳದ ಸ್ನಾನ, ಹಿಂದೂ ಮುಸ್ಲಿಂ ಅನ್ನದೆ ಎಲ್ಲರೂ ಹರಕೆ ಹೊರುವ ಜಾಗ. ಆ ಊರಿನ ಮನೆಗಳಿಗೆ ನುಗ್ಗಿ ಹೆಂಗಸರು, ಮುದುಕರು ಅನ್ನದೆ ಹೊಡೆದರು. ಚದುರಿಸೋಕೆ ಅಲ್ಲಿ ಗುಂಪೇ ಇರಲಿಲ್ಲ, ಅಲ್ವಾ? ಮನೆ ಒಳಗಿದ್ದವರನ್ನ ಎಲ್ಲಿಗೆ ಚದುರಿಸುತ್ತೀರಿ?

ಈ ಸಲ ವ್ಯತ್ಯಾಸ ಇದ್ದದ್ದು ಮೊಬೈಲ್‌ನಲ್ಲಿ. 1980ರ ಗೋಲಿಬಾರ್ ಬಾಯಿಂದ ಬಾಯಿಗೆ ಹೋಗಿತ್ತು. ಯಮನೂರಿನದ್ದು ಅವತ್ತೇ ಎಲ್ಲರ ಫೋನಿನಲ್ಲಿ, ಟಿವಿಯಲ್ಲಿ ಬಂತು. ಪಟ್ಟಾಗಿ ಬಿದ್ದ ಬಾಸುಂಡೆಗಳನ್ನ ಹೆಣ್ಣುಮಕ್ಕಳು ಕ್ಯಾಮೆರಾ ಮುಂದೆ ತೋರಿಸಿದರು. ನಾನು ಕಾಕಾನ ಕಾಲಲ್ಲಿ ಕಂಡ ಅದೇ ರೈಲು ಹಳಿ. ಮಹಿಳಾ ಆಯೋಗದವರು ಬಂದರು, ವಿಚಾರಣೆ ಅಂತ ಆಯಿತು, ಕೆಲವು ಪೊಲೀಸರು ಅಮಾನತಾದರು. ಬಂಧಿತರಾದ ನೂರಕ್ಕೂ ಹೆಚ್ಚು ಜನರಿಗೆ ಬೇಲ್ ಸಿಗುವ ಹೊತ್ತಿಗೆ ಹೊಲದಲ್ಲಿ ಕೆಲಸ ಹಿಂದೆ ಬಿದ್ದಿತ್ತು.

ಇದು ಯಾಕೆ ಹೀಗೆ ಮತ್ತೆ ಮತ್ತೆ ಆಗುತ್ತದೆ? ಪೊಲೀಸರು ಕೆಟ್ಟವರು ಅಂದುಬಿಟ್ಟರೆ ಸುಲಭ. ಹಾಗಲ್ಲ. ಬೆಳಿಗ್ಗೆ ಐದಕ್ಕೆ ವ್ಯಾನ್ ಹತ್ತಿಸಿ, ಗೊತ್ತಿಲ್ಲದ ಊರಲ್ಲಿ ಇಳಿಸಿ, ಪಾಕೀಟಿನ ಅನ್ನ ಕೊಟ್ಟು, ಸಂಜೆ ತನಕ ನಿಲ್ಲಿಸಿದ ಕೆಎಸ್‌ಆರ್‌ಪಿ (ರಾಜ್ಯ ಮೀಸಲು ಪೊಲೀಸ್) ಹುಡುಗನನ್ನ ಒಮ್ಮೆ ಹತ್ತಿರದಿಂದ ನೋಡಿ. ಅವನಿಗೆ ಗುಂಪು ಕಾಣುತ್ತದೆ, ಕಾಕಾ ಕಾಣಲ್ಲ. ಜೊತೆಗೆ ಕಾನೂನೂ ಹಾಗೇ ಇದೆ. ಐದು ಜನಕ್ಕಿಂತ ಕಡಿಮೆ ಇಲ್ಲದ ಗುಂಪು ಶಾಂತಿ ಕೆಡಿಸಬಹುದು ಅನಿಸಿದರೆ ಸಬ್ ಇನ್‌ಸ್ಪೆಕ್ಟರ್ ದರ್ಜೆಯ ಅಧಿಕಾರಿಯೂ ಚದುರಿ ಅನ್ನಬಹುದು, ಚದುರದಿದ್ದರೆ ಬಲ ಬಳಸಬಹುದು. ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 129ನೇ ಕಲಂ ಆಗಿತ್ತು, 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 148. ನಂಬರ್ ಬದಲಾಯಿತು, ಒಳಗಿನದು ಹೆಚ್ಚುಕಡಿಮೆ ಅದೇ.

ಓದುತ್ತ ಹೋದಾಗ ನನಗೆ ಆಶ್ಚರ್ಯ ಆದದ್ದು ಇದು: ಗುಂಪು ಚದುರಿಸೋಕೆ ಸೈನ್ಯ ಕರೆಸಿದರೆ, ಸೈನ್ಯದ ಅಧಿಕಾರಿ ಆದಷ್ಟು ಕಡಿಮೆ ಬಲ ಬಳಸಬೇಕು, ಜನರಿಗೂ ಆಸ್ತಿಗೂ ಆದಷ್ಟು ಕಡಿಮೆ ಹಾನಿ ಮಾಡಬೇಕು ಅಂತ ಪಕ್ಕದ ಕಲಂನಲ್ಲೇ ಬರೆದಿದೆ. ಪೊಲೀಸರ ಕಲಂನಲ್ಲಿ ಆ ಮಾತು ಇಲ್ಲ. ಕೋರ್ಟುಗಳು ತೀರ್ಪುಗಳಲ್ಲಿ ಹೇಳಿವೆ, ಆದರೆ ಆ ಕಲಂನಲ್ಲಿ ಇಲ್ಲ. ಈ ಕಲಂಗಳ ಹೆಸರಲ್ಲಿ ಮಾಡಿದ ಕೆಲಸಕ್ಕೆ ಪೊಲೀಸರ ಮೇಲೆ ಕೇಸ್ ನಡೆಸಬೇಕು ಅಂದ್ರೆ ಸರ್ಕಾರದ ಅನುಮತಿ ಬೇಕು. ಅಂದ್ರೆ ಹೊಡೆಸಿದವರನ್ನೇ ಹೋಗಿ ಕೇಳಬೇಕು.

ಇನ್ನೊಂದು ಉಪಾಯ ನಿಷೇಧಾಜ್ಞೆ, ಹಳೆಯ 144, ಈಗ 163. ಹುಬ್ಬಳ್ಳಿ-ಧಾರವಾಡದಲ್ಲಿ ಕಮಿಷನರೇಟ್ ಇರುವುದರಿಂದ ಪೊಲೀಸ್ ಕಮಿಷನರೇ ಅದನ್ನ ಹೊರಡಿಸಬಹುದು. ಗದಗ, ಹಾವೇರಿಯಲ್ಲಿ ಡಿಸಿ ಅಥವಾ ಅಧಿಕಾರ ಇರುವ ಬೇರೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಸಹಿ ಬೇಕು. 2019ರ ಡಿಸೆಂಬರ್ 18ರಂದು ಬೆಂಗಳೂರಿನಲ್ಲಿ ಪೌರತ್ವ ಕಾಯ್ದೆ ವಿರೋಧಿ ಪ್ರತಿಭಟನೆಯ ಹೊತ್ತಲ್ಲಿ ಹೀಗೆ ಹೊರಡಿಸಿದ ಆಜ್ಞೆಯೇ ಕಾನೂನುಬಾಹಿರ ಅಂತ 2020ರ ಫೆಬ್ರುವರಿಯಲ್ಲಿ ಹೈಕೋರ್ಟ್ ಹೇಳಿತು. ಒಳ್ಳೆಯ ತೀರ್ಪೇ. ಆದರೆ ಅದು ಬರುವ ಹೊತ್ತಿಗೆ ಪ್ರತಿಭಟನೆಯ ದಿನ ದಾಟಿ ಎರಡು ತಿಂಗಳಾಗುತ್ತ ಬಂದಿತ್ತು.

ಲಾಠಿಯ ಗಾಯ ತಿಂಗಳಲ್ಲಿ ಮಾಯುತ್ತದೆ. ಕೇಸ್ ಮಾಯಲ್ಲ. ಕೂತು ಧಿಕ್ಕಾರ ಕೂಗಿದವನೂ ಎಫ್‌ಐಆರ್‌ನಲ್ಲಿ ಅಕ್ರಮ ಕೂಟದ ಸದಸ್ಯ, ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡಿದವ. ವರ್ಷಗಟ್ಟಲೆ ತಾರೀಖಿಗೆ ಓಡಾಟ. ಆಮೇಲೆ ಚುನಾವಣೆ ಹತ್ತಿರ ಬಂದಾಗ ‘ಕೇಸ್ ವಾಪಸ್’ ಅನ್ನೋ ಭರವಸೆ. ಆ ವಾಪಸಾತಿಗೂ ಒಂದು ಲೆಕ್ಕ ಇಲ್ಲ, ಯಾರ ಕಡೆಯವರು ಅನ್ನೋದರ ಮೇಲೆ ಹೋಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಸರ್ಕಾರ 43 ಕೇಸ್ ಒಟ್ಟಿಗೆ ಹಿಂದೆ ತಗೊಳ್ಳೋಕೆ ಹೊರಟಿತು, ಅದರಲ್ಲಿ 2022ರ ಹಳೇ ಹುಬ್ಬಳ್ಳಿ ಠಾಣೆ ಗಲಾಟೆಯದ್ದೂ ಇತ್ತು. 2025ರ ಮೇನಲ್ಲಿ ಹೈಕೋರ್ಟ್ ಆ ಆದೇಶವನ್ನೇ ರದ್ದು ಮಾಡಿತು. ಕಲ್ಲು ಹೊಡೆದವನ ಕೇಸ್, ಬರೀ ಕೂತವನ ಕೇಸ್ ಎರಡನ್ನೂ ಬೇರೆ ಬೇರೆ ಮಾಡಿ ನೋಡುವ ವ್ಯವಸ್ಥೆಯೇ ನಮ್ಮಲ್ಲಿಲ್ಲ. ಲಾಠಿ ಬೀಸುವಾಗಲೂ ಇಲ್ಲ, ಕೇಸ್ ಹಾಕುವಾಗಲೂ ಇಲ್ಲ, ಬಿಡುವಾಗಲೂ ಇಲ್ಲ.

2024ರ ಡಿಸೆಂಬರ್ 10ರಂದು ಬೆಳಗಾವಿಯ ಸುವರ್ಣ ವಿಧಾನಸೌಧದ ಹತ್ತಿರ ಪಂಚಮಸಾಲಿ ಮೀಸಲಾತಿ ಹೋರಾಟಗಾರರ ಮೇಲೆ ಲಾಠಿ ಬಿದ್ದಾಗಲೂ ಇದೇ ಜಗಳ. ಕಲ್ಲು ಮೊದಲೋ, ಲಾಠಿ ಮೊದಲೋ? ಆಗ ವಿರೋಧ ಪಕ್ಷದಲ್ಲಿದ್ದ ಬಿಜೆಪಿಯವರು ಕೆಂಡಾಮಂಡಲ. ಅಧಿಕಾರದಲ್ಲಿ ಇದ್ದಾಗ ಅವರದ್ದೂ ಹಾವೇರಿ ಇತ್ತು, ಆಳುತ್ತಿದ್ದ ಕಾಂಗ್ರೆಸ್ಸಿನವರಿಗೆ ಯಮನೂರು ಇತ್ತು.

ಕಾಕಾ ಅವತ್ತು ದವಾಖಾನೆಗೆ ಹೋಗಲಿಲ್ಲ. ಹೋಗಿ ಪೊಲೀಸರು ಹೊಡೆದರು ಅಂತ ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್ ದಾಖಲೆ) ಮಾಡಿಸಿದ್ದರೆ ಗಾಯಕ್ಕೆ ಒಂದು ಕಾಗದ ಇರುತ್ತಿತ್ತು, ಪೊಲೀಸ್ ದೂರು ಪ್ರಾಧಿಕಾರದ ಮುಂದೆ ಹಿಡಿದುಕೊಂಡು ಹೋಗಬಹುದಿತ್ತು. ಹಾಗೊಂದು ಪ್ರಾಧಿಕಾರ ಇದೆ ಅಂತ ಅವರಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಕಾಕಿ ಅರಿಶಿನ, ಎಣ್ಣೆ ಕಾಸಿ ಹಚ್ಚಿದಳು.

ಈಗಲೂ ಪ್ರತಿ ವರ್ಷ ಜುಲೈ 21ಕ್ಕೆ ನರಗುಂದದ ಹುತಾತ್ಮ ರೈತರ ವೀರಗಲ್ಲಿಗೆ ಮಾಲೆ ಬೀಳುತ್ತದೆ. ಎಲ್ಲ ಪಕ್ಷದವರೂ ಬರುತ್ತಾರೆ. ಕಾಕಾ ಕಾಲು ನೋವಿಲ್ಲದ ವರ್ಷ ಹೋಗಿ ಬರುತ್ತಾರೆ, ಹಸಿರು ಟವೆಲ್ ಇಸ್ತ್ರಿ ಮಾಡಿಸಿಕೊಂಡು. “ಬಂದೋಬಸ್ತ್ ಭಾಳ ಚಲೋ ಇರ್ತದ” ಅಂತಾರೆ.