ಏಕಾದಶಿಯ ದಿನ ತಲೆನೋವು ಏಕೆ?

"ಏಕಾದಶಿ ಬಂತು ಅಂದ್ರೆ ತಲೆನೋವು ಗ್ಯಾರಂಟಿ ಡಾಕ್ಟ್ರೇ. ಉಪವಾಸಕ್ಕೆ ಪಿತ್ತ ಕೆರಳತ್ತೆ ಅನ್ಸತ್ತೆ."

ಬಸವನಗುಡಿಯ ನನ್ನ ಕ್ಲಿನಿಕ್ಕಿಗೆ ಬಂದಿದ್ದ ಅರವತ್ತು ದಾಟಿದ ಅಮ್ಮ ಒಬ್ಬರ ಮಾತಿದು. ಬಿ.ಪಿ. ಸರಿಯಿತ್ತು. ಉಪವಾಸವೂ ನಿರ್ಜಲವಲ್ಲ, ಹಾಲು ಹಣ್ಣು ತೆಗೆದುಕೊಳ್ಳುತ್ತಾರೆ. ಹಾಗಾದರೆ ಕಾಫಿ? "ಅಯ್ಯೋ, ಅವತ್ತು ಮುಟ್ಟಲ್ಲ." ಉಳಿದ ದಿನ? "ಎದ್ದ ತಕ್ಷಣ ಒಂದು, ತಿಂಡಿ ಜೊತೆ ಒಂದು, ಹನ್ನೊಂದಕ್ಕೊಂದು, ಸಂಜೆ ಐದಕ್ಕೊಂದು." ದ್ವಾದಶಿ ಬೆಳಿಗ್ಗೆ ಪಾರಣೆ ಮುಗಿಸಿ ಕಾಫಿ ಕುಡಿದರೆ ಸ್ವಲ್ಪ ಹೊತ್ತಿಗೆಲ್ಲ ನೋವು ಇಳಿದುಬಿಡುತ್ತದಂತೆ.

ಪಿತ್ತದ ಮೇಲೆ ಹಾಕುವ ತಪ್ಪು ಇಲ್ಲಿ ಕಾಫಿಯದು. ಸರಿಯಾಗಿ ಹೇಳಬೇಕೆಂದರೆ, ಕಾಫಿಗೆ ಒಗ್ಗಿಕೊಂಡ ಮೆದುಳಿನದು.

ಮೆದುಳು ಕೆಲಸ ಮಾಡುವಾಗ ಎಟಿಪಿ ಎಂಬ ಇಂಧನ ಖರ್ಚಾಗುತ್ತದೆ. ಅದು ಒಡೆದಾಗ ಅಡೆನೊಸಿನ್ ಉಳಿಯುತ್ತದೆ. ನಾವು ಎದ್ದಿದ್ದಷ್ಟೂ ಹೊತ್ತು ಅದು ಜಾಸ್ತಿಯಾಗುತ್ತಾ ಹೋಗುತ್ತದೆ. ನರಕೋಶಗಳ ಮೇಲೆ ಅದು ಬಂದು ಕೂರಲೆಂದೇ ರಿಸೆಪ್ಟರ್‌ಗಳೆಂಬ ಸೀಟುಗಳಿವೆ. ಮುಖ್ಯವಾದವು ಎ1 ಮತ್ತು ಎ2ಎ. ಅಡೆನೊಸಿನ್ ಅಲ್ಲಿ ಹೋಗಿ ಕೂತರೆ ಮೈ ಭಾರ, ಆಕಳಿಕೆ, ನಿದ್ದೆ.

ಜಾತ್ರೆ ಸಮಯದಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವುದನ್ನು ನೋಡಿದ್ದೀರಲ್ವಾ? ಕಾಫಿಯಲ್ಲಿರುವ ಕೆಫೀನ್ ಮಾಡುವುದು ಅದನ್ನೇ. ಆಕಾರದಲ್ಲಿ ಅದು ಅಡೆನೊಸಿನ್‌ನ ಹಾಗೇ ಇರುವುದರಿಂದ ಆ ಸೀಟಿನಲ್ಲಿ ಹಿಡಿಸುತ್ತದೆ. ಆದರೆ ನಿದ್ದೆಯ ಸಂದೇಶ ಕೊಡುವುದಿಲ್ಲ, ಸುಮ್ನೆ ಜಾಗ ಹಿಡಿದಿರುತ್ತದೆ. ಅಂದರೆ ಕಾಫಿ ಶಕ್ತಿ ತುಂಬುವುದಿಲ್ಲ, ದಣಿವಿನ ಸುದ್ದಿಯನ್ನು ತಡೆಯುತ್ತದೆ. ದಣಿವು ಇದ್ದಲ್ಲೇ ಇರುತ್ತದೆ. ದಿನಕ್ಕೆ ನಾಲ್ಕೈದು ಕಪ್ ಕಾಫಿಯಷ್ಟು ಕೆಫೀನ್ ಮೆದುಳಿನ ಎ1 ರಿಸೆಪ್ಟರ್‌ಗಳಲ್ಲಿ ಅರ್ಧದಷ್ಟನ್ನು ಹಿಡಿದಿಡಬಲ್ಲದು ಎಂದು ಜರ್ಮನಿಯ ಸಂಶೋಧಕರು 2012ರಲ್ಲಿ ಪೆಟ್ ಸ್ಕ್ಯಾನ್ ಮಾಡಿ ತೋರಿಸಿದ್ದಾರೆ.

ವರ್ಷಗಟ್ಟಲೆ ದಿನವೂ ಟವೆಲ್ ಬಿದ್ದರೆ? ಮೆದುಳು ಸೀಟು ಹೆಚ್ಚಿಸುತ್ತದೆ. ದಿನವೂ ಕೆಫೀನ್ ಕೊಟ್ಟ ಇಲಿಗಳ ಮೆದುಳಿನಲ್ಲಿ ಎ1 ರಿಸೆಪ್ಟರ್‌ಗಳು ಸುಮಾರು ಶೇ. 15ರಿಂದ 20ರಷ್ಟು ಹೆಚ್ಚಿದ್ದು ಕಂಡುಬಂದಿದೆ. ಎ2ಎಯಲ್ಲಿ ಅಷ್ಟು ಸ್ಪಷ್ಟ ಬದಲಾವಣೆ ಸಿಗುವುದಿಲ್ಲ. ಹಾಗಾಗಿ ಎಲ್ಲವನ್ನೂ ಸೀಟಿನ ಲೆಕ್ಕದಲ್ಲೇ ವಿವರಿಸಲು ಆಗದು. ಆದರೂ ಮೊದಲು ಒಂದು ಲೋಟ ಕೊಡುತ್ತಿದ್ದ ಚುರುಕಿಗೆ ಈಗ ಎರಡು ಬೇಕೆನಿಸುವುದಕ್ಕೆ ಇದೊಂದು ಒಳ್ಳೆಯ ಉತ್ತರ.

ಈಗ ಏಕಾದಶಿಗೆ ಬನ್ನಿ. ದಶಮಿ ಸಂಜೆ ಐದಕ್ಕೆ ಕೊನೆಯ ಕಾಫಿ. ಮಾರನೆಯ ದಿನ ಮಧ್ಯಾಹ್ನಕ್ಕೆ ಹತ್ತೊಂಬತ್ತು ಗಂಟೆ ಆಗಿರುತ್ತದೆ. ಟವೆಲ್ ಎಲ್ಲ ತೆಗೆದಾಯಿತು. ಸೀಟು ಮೊದಲಿಗಿಂತ ಜಾಸ್ತಿ. ನಿಂತಿದ್ದ ಅಡೆನೊಸಿನ್ ಎಲ್ಲ ಒಟ್ಟಿಗೆ ಕೂರುತ್ತದೆ. ಅಡೆನೊಸಿನ್ ಮೆದುಳಿನ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ತಲೆ ಸಿಡಿಯುವುದು ಆಗಲೇ. ಕಾಫಿ ಬಿಟ್ಟ 12ರಿಂದ 24 ಗಂಟೆಯೊಳಗೆ ಇದು ಶುರುವಾಗಿ, ಒಂದೆರಡು ದಿನದಲ್ಲಿ ಜೋರಾಗಿ, ಹೆಚ್ಚೆಂದರೆ ಒಂಬತ್ತು ದಿನದಲ್ಲಿ ತಾನಾಗಿ ಹೋಗುತ್ತದೆ. ಆಪರೇಷನ್‌ಗೆ ಮುಂಚೆ ಹೊಟ್ಟೆ ಖಾಲಿ ಇಟ್ಟವರಿಗೂ ಇದೇ ಕಥೆ. ಆ ಅಮ್ಮ ಉಪವಾಸದ ದಿನ ನುಂಗುತ್ತಿದ್ದ ಮಾತ್ರೆಯ ಪಟ್ಟಿ ತಿರುಗಿಸಿ ನೋಡಿದೆ. ಪ್ಯಾರಸಿಟಮಾಲ್ ಜೊತೆ ಕೆಫೀನ್ ಕೂಡ ಇತ್ತು. ವ್ರತದ ದಿನ ಕಾಫಿ ಮಾತ್ರೆಯಾಗಿ ಹೊಟ್ಟೆ ಸೇರುತ್ತಿತ್ತು!

ಕಾಫಿ ಕೆಟ್ಟದ್ದು ಎಂದು ನಾನು ಯಾರಿಗೂ ಹೇಳುವುದಿಲ್ಲ. ನನ್ನ ತಕರಾರು ಎರಡೇ. ಒಂದು, ಸಂಜೆಯ ಕಾಫಿ. ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗಲು ಸರಾಸರಿ ಐದು ಗಂಟೆ ಬೇಕು, ಗರ್ಭಿಣಿಯರಲ್ಲಿ ಇನ್ನೂ ತುಂಬಾ ಜಾಸ್ತಿ. ಐದಕ್ಕೆ ಕುಡಿದದ್ದರ ಅರ್ಧ ರಾತ್ರಿ ಹತ್ತಕ್ಕೂ ಸೀಟು ಹಿಡಿದು ಕೂತಿರುತ್ತದೆ. ಇನ್ನೊಂದು, ಒಂದೇ ದಿನದಲ್ಲಿ "ಬಿಟ್ಟೆ" ಎಂದು ಶಪಥ ಮಾಡುವುದು. ರಿಸೆಪ್ಟರ್‌ಗಳು ಹಳೆಯ ಲೆಕ್ಕಕ್ಕೆ ಮರಳಲು ಸಮಯ ಕೊಡಬೇಕು.

ಆ ಅಮ್ಮನಿಗೆ ಹೇಳಿದ್ದು ಇಷ್ಟೇ: ಸಂಜೆಯ ಕಾಫಿಯಿಂದ ಶುರು ಮಾಡಿ. ಮೊದಲ ವಾರ ಡಿಕಾಕ್ಷನ್ ಅರ್ಧ ಮಾಡಿ, ಹಾಲು ಜಾಸ್ತಿ ಹಾಕಿ. ಆಮೇಲೆ ಅದನ್ನು ಬಿಟ್ಟು, ಹನ್ನೊಂದರ ಕಾಫಿಗೆ ಬನ್ನಿ. ಫಿಲ್ಟರಿಗೆ ಹಾಕುವ ಪುಡಿಯಲ್ಲಿ ಚಿಕೋರಿ ಹೆಚ್ಚಿಸಿದರೂ ಆಯಿತು, ಚಿಕೋರಿಯಲ್ಲಿ ಕೆಫೀನ್ ಇಲ್ಲ. ಆದರೆ ಹಿಂದೆಂದೂ ಇಲ್ಲದಂಥ ತಲೆನೋವು ಹಠಾತ್ತಾಗಿ ಬಂದರೆ, ಜೊತೆಗೆ ಮಾತು ತೊದಲಿದರೆ, ಕೈಕಾಲು ಸೋತರೆ ಕಾಫಿಯ ಯೋಚನೆ ಬಿಟ್ಟು ನೇರ ಆಸ್ಪತ್ರೆಗೆ ಹೋಗಿ ಎಂದೂ ಹೇಳಿದೆ.

ಎರಡು ತಿಂಗಳ ನಂತರ ಬಂದರು. ಈಗ ದಿನಕ್ಕೆ ಎರಡೇ ಲೋಟ, ಎರಡೂ ಬೆಳಿಗ್ಗೆ. "ಹೋದ ಏಕಾದಶಿಗೆ ಸ್ವಲ್ಪ ತಲೆ ಭಾರ ಇತ್ತು. ಮಾತ್ರೆ ಬೇಕಾಗ್ಲಿಲ್ಲ" ಎಂದರು.