ಒಸರುವುದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ?

ತುಮಕೂರಿನಲ್ಲಿ ನರ್ಸಿಂಗ್ ಓದುವ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವುದು ನನ್ನ ಕೆಲಸ. ಹೆಚ್ಚಿನವರು ಪಾವಗಡ, ಮಧುಗಿರಿ, ಶಿರಾ ಕಡೆಯವರು, ಶಾಲೆಯನ್ನು ಕನ್ನಡದಲ್ಲೇ ಓದಿ ಬಂದವರು. ಮೊನ್ನೆ ಅವರಲ್ಲೊಬ್ಬಳು ಡ್ಯೂಟಿ ಮುಗಿಸಿ ಸೀದಾ ನನ್ನ ಹತ್ತಿರ ಬಂದಳು. ಅತ್ತು ಕಣ್ಣು ಕೆಂಪಾಗಿತ್ತು. ಆಪರೇಷನ್ ಆಗಿದ್ದ ಒಬ್ಬ ಅಜ್ಜನ ಡ್ರೆಸ್ಸಿಂಗ್ ಸ್ವಲ್ಪ ಒದ್ದೆಯಾಗಿದ್ದನ್ನು ನೋಡಿ ಅವಳು ರಿಪೋರ್ಟ್ ಪುಸ್ತಕದಲ್ಲಿ ‘ಬ್ಲಡ್ ಈಸ್ ಫ್ಲೋಯಿಂಗ್ ಫ್ರಮ್ ದಿ ವೂಂಡ್’ ಎಂದು ಬರೆದಿದ್ದಳು. ಅದನ್ನು ಓದಿದ ಡಾಕ್ಟರು ಓಡಿ ಬಂದರು. ನೋಡಿದರೆ ಎರಡು ರೂಪಾಯಿ ನಾಣ್ಯದಷ್ಟು ಕಲೆ. ಎಲ್ಲರೆದುರಿಗೆ ಬೈಸಿಕೊಂಡಳು.

“ರಕ್ತ ಬರ್ತಿದ್ದಿದ್ದು ನಿಜ ಅಲ್ವಾ ಮೇಡಂ? ನಾನೇನು ಸುಳ್ಳು ಬರೆದ್ನಾ?”

ಸುಳ್ಳು ಬರೆದಿರಲಿಲ್ಲ. ಅಲ್ಲಿ ಬೇಕಿದ್ದ ಪದ ಊಜ್ (ooze). ಅವಳಿಗೆ ಆ ಪದ ಗೊತ್ತಿತ್ತು ಕೂಡ, ಆದರೆ ನೋಟ್ಸಿನಲ್ಲಿ ‘ನಿಧಾನವಾಗಿ ಹರಿ’ ಎಂದು ಬರೆದುಕೊಂಡಿದ್ದಳು. ಹರಿ ಎಂದ ಮೇಲೆ ಫ್ಲೋ ಎಂದು ಬರೆಯದೆ ಇನ್ನೇನು ಬರೆಯುತ್ತಾಳೆ? ಈ ಪದವನ್ನು ಹೀಗೆ ಕಲಿಸಿದವರ ತಪ್ಪು ಅದು, ಅವಳದ್ದಲ್ಲ.

ಅವತ್ತು ನಾನು ಅವಳನ್ನು ಕೇಳಿದ್ದು ಹಲಸಿನಕಾಯಿಯ ಬಗ್ಗೆ. ಕಾಯಿ ಕೊಯ್ದರೆ ತೊಟ್ಟಿನಲ್ಲಿ ಬಿಳಿ ಸೋನೆ ಬರುತ್ತದಲ್ಲ, ಅದು ಹರಿಯುತ್ತಾ? “ಇಲ್ಲ ಮೇಡಂ, ಒಸರುತ್ತೆ.” ಅಷ್ಟೇ, ಅದೇ ಊಜ್. ಸೋನೆ ಮಂದ. ಅದು ಕಾಯಿಯ ಒಳಗಿಂದ ಬರುತ್ತದೆ. ಇಂಥ ಒಂದೇ ತೂತಿನಿಂದ ಬಂತು ಎಂದು ಬೆರಳಿಟ್ಟು ತೋರಿಸುವುದಕ್ಕೆ ಆಗುವುದಿಲ್ಲ, ಕೊಯ್ದ ಜಾಗದ ತುಂಬಾ ಮೆಲ್ಲಗೆ ಮೂಡಿ ನಿಲ್ಲುತ್ತದೆ. ನಿಧಾನ ಎನ್ನುವುದಕ್ಕಿಂತ ಈ ಗುಣಗಳೇ ಊಜ್ ಎಂಬ ಪದಕ್ಕೆ ಜಾಸ್ತಿ ಮುಖ್ಯ. ಆಪರೇಷನ್ ಥಿಯೇಟರಿನಲ್ಲೂ ಹಾಗೆಯೇ. ಒಂದು ರಕ್ತನಾಳ ತುಂಡಾಗಿ ರಕ್ತ ಚಿಮ್ಮಿದರೆ ಅದು ಬ್ಲೀಡಿಂಗ್, ಕೂದಲೆಳೆಯಂಥ ನಾಳಗಳಿಂದ ಗಾಯದ ಮೈಯೆಲ್ಲಾ ಮೆಲ್ಲಗೆ ಒದ್ದೆಯಾಗುತ್ತಿದ್ದರೆ ಸರ್ಜನ್‌ಗಳು ಊಜಿಂಗ್ ಎನ್ನುತ್ತಾರೆ. ಮೊದಲನೆಯದಕ್ಕೆ ಓಡಬೇಕು. ಎರಡನೆಯದಕ್ಕೆ ಸಾಮಾನ್ಯವಾಗಿ ಒತ್ತಿ ಹಿಡಿದು, ಹೆಚ್ಚಾಗುತ್ತಿದೆಯೇ ಎಂದು ನೋಡುತ್ತಾ ಇರಬೇಕು. ಅದಕ್ಕೇ ಈ ಒಂದು ಪದದ ಬಗ್ಗೆ ನಾನು ಇಷ್ಟು ಹೇಳುತ್ತಿರುವುದು.

ಈ ಪದದ ಹುಟ್ಟನ್ನು ನೋಡಿದರೆ ನನಗೆ ಈಗಲೂ ಖುಷಿಯಾಗುತ್ತದೆ. ಹಳೆಯ ಇಂಗ್ಲಿಷಿನಲ್ಲಿ ‘ವೋಸ್’ ಎಂಬ ಪದವಿತ್ತು, ರಸ ಅಥವಾ ಗಿಡದ ಸೋನೆ ಎಂದು ಅರ್ಥ. ಊಜ್ ಬಂದಿರುವುದು ಅದರಿಂದ. ಬರಬರುತ್ತಾ ಮುಂದಿನ ‘ವ’ ಬಿದ್ದುಹೋಯಿತು. ಗಾಯದಿಂದ ಬರುವುದಕ್ಕೆ ನಮ್ಮ ಹಳ್ಳಿಗಳಲ್ಲಿ ಏನಂತಾರೆ? ರಸಿಗೆ. ಅದೂ ರಸದಿಂದಲೇ ಬಂದ ಮಾತು!

ಇನ್ನೊಂದು ಊಜ್ ಇದೆ, ಅದು ನಾಮಪದ. ಕೆಸರು ಎಂದು ಅರ್ಥ, ಹುಟ್ಟಿದ್ದೂ ಬೇರೆ ಬೇರಿನಿಂದ. ಸಮುದ್ರದ ತಳದಲ್ಲಿ ಸೂಕ್ಷ್ಮಜೀವಿಗಳ ಚಿಪ್ಪುಗಳು ಕೂತು ಆಗುವ ಮೆತ್ತನೆಯ ಕೆಸರನ್ನು ವಿಜ್ಞಾನಿಗಳು ಊಜ್ ಎಂದೇ ಕರೆಯುತ್ತಾರೆ. ಆ ಕೆಸರಿನಲ್ಲಿ ಕನಿಷ್ಠ ಶೇ. 30ರಷ್ಟು ಇಂಥ ಜೀವಿಗಳ ಅವಶೇಷ ಇರಬೇಕು ಎಂಬ ಲೆಕ್ಕವೂ ಇದೆ. ನರ್ಸಿಂಗ್ ಮಕ್ಕಳಿಗೆ ಇದು ಬೇಕಿಲ್ಲ, ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆ ಉಪಯೋಗಕ್ಕೆ ಬರಬಹುದು.

ಒಂದು ತೊಡಕು ಇದೆ. ಕನ್ನಡದಲ್ಲಿ ಒಸರು ಎನ್ನುವ ಕಡೆಯೆಲ್ಲಾ ಊಜ್ ಹಾಕಲು ಬರುವುದಿಲ್ಲ. ನಮ್ಮ ಮಧುಗಿರಿ, ಕೊರಟಗೆರೆ ಕಡೆಯ ತಲಪರಿಗೆಗಳನ್ನು ನೋಡಿದ್ದೀರಲ್ಲ? ಮರಳು ನೆಲದಲ್ಲಿ ಗುಂಡಿಯಂತೆ ತೋಡಿರುತ್ತಾರೆ, ಒಳಗಿನ ಒರತೆಯಿಂದ ನೀರು ಬಂದು ತುಂಬಿಕೊಳ್ಳುತ್ತದೆ. ಅಲ್ಲೂ ನಾವು ಒಸರು, ಜಿನುಗು ಎನ್ನುತ್ತೇವೆ. ಇಂಗ್ಲಿಷಿನಲ್ಲಿ ತಿಳಿನೀರಿಗೆ ಸೀಪ್ ಎನ್ನುವುದು ಜಾಸ್ತಿ ಸಹಜ. ತೆಳ್ಳಗಿದ್ದರೆ ಸೀಪ್, ಮಂದವಾಗಿದ್ದರೆ ಊಜ್ ಎಂದು ಇಟ್ಟುಕೊಂಡರೆ ಬಹಳಷ್ಟು ಕಡೆ ಸರಿಹೋಗುತ್ತದೆ. ಮಳೆನೀರು ಮಣ್ಣಿನ ಒಳಗೆ ಇಂಗುವುದಕ್ಕೂ ಸೀಪ್ ನಡೆಯುತ್ತದೆ, ಊಜ್ ಮಾತ್ರ ಸಾಮಾನ್ಯವಾಗಿ ಹೊರಗೇ ಬರುವುದು. ನಾಮದ ಚಿಲುಮೆಯಲ್ಲಿ ಬಂಡೆಯಿಂದ ಬರುವ ನೀರು ಸಣ್ಣ ಎಳೆಯಾಗಿ ಇಳಿಯುತ್ತಿದ್ದರೆ ಅದು ಟ್ರಿಕಲ್, ಕೆನ್ನೆ ಮೇಲೆ ಇಳಿಯುವ ಕಣ್ಣೀರೂ ಅಷ್ಟೇ. ತೊಟ್ಟಿಕ್ಕಿದರೆ ಡ್ರಿಪ್, ಅದನ್ನಂತೂ ತೋಟದಲ್ಲಿ ಪೈಪ್ ಎಳೆದಿರುವ ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಿಂದಿಗೆ ಸೋರಿದರೆ ಲೀಕ್.

ಉಚ್ಚಾರಣೆಯಲ್ಲೂ ಎಡವುತ್ತಾರೆ. ಜೇನು ಎನ್ನುವಾಗಿನ ಜ ಇಲ್ಲಿಲ್ಲ. ಮೈಸೂರಿನ ಜೂ ಎನ್ನುವಾಗ ಹಲ್ಲಿನ ಹಿಂದೆ ಗಾಳಿ ಗುಂಯ್‌ಗುಟ್ಟುತ್ತದಲ್ಲ, ಆ ಜ. ಜೂ ಎನ್ನುವುದನ್ನು ತಿರುಗಿಸಿ ಹೇಳಿದರೆ ಊಜ್!

ಮನುಷ್ಯರ ಬಗ್ಗೆ ಹೇಳುವಾಗಲೂ ಈ ಪದ ಬರುತ್ತದೆ. ‘ಶಿ ಊಜ್ಡ್ ಕಾನ್ಫಿಡೆನ್ಸ್’ ಎಂದರೆ ಅವಳ ಮಾತು, ನಡಿಗೆ, ಮೈಯಿಂದಲೇ ಆತ್ಮವಿಶ್ವಾಸ ಎದ್ದು ಕಾಣುತ್ತಿತ್ತು ಎಂದು. ಇದನ್ನು ಕನ್ನಡಕ್ಕೆ ತರುವಾಗ ಒಸರು ಎಂದರೆ ಕೆಟ್ಟದಾಗಿ ಕೇಳಿಸುತ್ತದೆ. ನಗೆ ಸೂಸುತ್ತದೆ, ಪರಿಮಳ ಸೂಸುತ್ತದೆ ಎನ್ನುತ್ತೇವಲ್ಲ, ಆ ಸೂಸು ಇಲ್ಲಿ ಚೆನ್ನಾಗಿ ಕೂರುತ್ತದೆ. ಆದರೆ ‘ಊಜ್ ಚಾರ್ಮ್’ ಎಂದಾಗ ಹುಷಾರಾಗಿರಿ. ಎಷ್ಟೋ ಸಲ ಅದರಲ್ಲಿ ‘ಸ್ವಲ್ಪ ಅತಿಯಾಯಿತು’ ಎಂಬ ಧ್ವನಿ ಇರುತ್ತದೆ. ಮೆಚ್ಚಿಕೊಂಡು ಬರೆಯುವ ಪತ್ರದಲ್ಲಿ ಅದನ್ನು ಹಾಕದಿರುವುದೇ ಒಳ್ಳೆಯದು.

ಆ ಹುಡುಗಿಗೆ ಅವತ್ತೇ ಇನ್ನೊಂದು ಮಾತು ಹೇಳಿದೆ. ಊಜಿಂಗ್ ಎಂದು ಬರೆದು ಸುಮ್ನೆ ಬಿಡಬೇಡ. ಏನು ಒಸರುತ್ತಿದೆ, ತಿಳಿ ರಸಿಗೆಯಾ, ರಕ್ತ ಬೆರೆತದ್ದಾ, ಕೀವಾ, ಎಷ್ಟು ಅಗಲದ ಕಲೆ, ವಾಸನೆ ಇದೆಯಾ, ಎಷ್ಟು ಗಂಟೆಗೆ ನೋಡಿದೆ, ಇಷ್ಟೂ ಬರೆ. ಮುಂದಿನ ವಾರ ಅವಳು ತನ್ನ ನೋಟ್‌ಬುಕ್ ತಂದು ತೋರಿಸಿದಳು. ‘ನಿಧಾನವಾಗಿ ಹರಿ’ ಎಂಬುದನ್ನು ಹೊಡೆದು ಹಾಕಿ, ಪಕ್ಕದಲ್ಲಿ ‘ಒಸರು, ಹಲಸಿನ ಸೋನೆ’ ಎಂದು ಬರೆದಿದ್ದಳು.