ಹಡಗು ಹತ್ತಿದವರ ಊರು ಯಾವುದು? ಸ್ಕಾಟ್ಲೆಂಡ್ ವಂಶಾವಳಿ ಹುಡುಕುವವರಿಗೆ ಟಿಪ್ಪಣಿ

ಅಮೆರಿಕಕ್ಕೆ ವಲಸೆ ಹೋದ ಸ್ಕಾಟಿಷ್ ಕುಟುಂಬದ ಬೇರು ಹುಡುಕುವವರು ಮೊದಲು ಕೈಹಾಕುವುದು ಹಡಗಿನ ಪ್ರಯಾಣಿಕರ ಪಟ್ಟಿಗೆ. ಅಲ್ಲೇ ತೊಡಕು. ಬಂದಿಳಿದವರ ಪಟ್ಟಿಯನ್ನು ಅಮೆರಿಕ 1820ರಿಂದ ಇಟ್ಟಿದೆ. ಬ್ರಿಟನ್ನಿನಿಂದ ಹೊರಟವರ ಪಟ್ಟಿಗಳು ಕ್ರಮವಾಗಿ ಸಿಗುವುದು 1890ರಿಂದ ಈಚೆಗೆ. ಹಳೆಯ ಪಟ್ಟಿಗಳಲ್ಲಿ ಸಾಮಾನ್ಯವಾಗಿ ದೇಶದ ಹೆಸರಿರುತ್ತದೆ, ಹುಟ್ಟೂರು ಇರುವುದಿಲ್ಲ. ಊರು ತಿಳಿಯದೆ ಸ್ಕಾಟ್ಲೆಂಡಿನ ದಾಖಲೆಗೆ ಇಳಿದರೆ ಅದೇ ಹೆಸರಿನವರು ಹತ್ತಾರು ಮಂದಿ ಎದುರಾಗುತ್ತಾರೆ. ಹಾಗಾಗಿ ಮೊದಲು ಅಮೆರಿಕದ ಸಮಾಧಿಕಲ್ಲು, ಚರ್ಚಿನ ಪುಸ್ತಕ, ಪತ್ರಿಕೆಯ ಮರಣವಾರ್ತೆಗಳನ್ನು ನೋಡಿ.

ಅಮೆರಿಕದಲ್ಲಿ ಉಕ್ಕಿನ ದೊಡ್ಡ ಉದ್ಯಮಿಯಾದ ಆಂಡ್ರ್ಯೂ ಕಾರ್ನೆಗಿಯ ಮನೆತನವನ್ನೇ ಅಭ್ಯಾಸಕ್ಕೆ ತೆಗೆದುಕೊಳ್ಳೋಣ. ಹುಟ್ಟಿದ್ದು 1835ರಲ್ಲಿ, ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್‌ನಲ್ಲಿ. ತಂದೆ ವಿಲಿಯಂ ಕೈಮಗ್ಗದ ನೇಕಾರ. ಉಗಿಮಗ್ಗ ಬಂದು ಕೆಲಸ ಕೈತಪ್ಪಿದಾಗ, 1848ರಲ್ಲಿ ಕುಟುಂಬ ಪೆನ್ಸಿಲ್ವೇನಿಯಾಕ್ಕೆ ಹೊರಟಿತು. ತಾಯಿಯ ಒಡಹುಟ್ಟಿದವರು ಆಗಲೇ ಅಲ್ಲಿದ್ದರು. ಇದನ್ನು ಗುರುತಿಟ್ಟುಕೊಳ್ಳಿ: ವಲಸೆಗಾರರು ಹೆಚ್ಚಾಗಿ ನೆಂಟರ ಬೆನ್ನುಹಿಡಿದೇ ಹೋಗುತ್ತಾರೆ, ಅಕ್ಕಪಕ್ಕದ ಮನೆಯವರ ದಾಖಲೆಯಲ್ಲೂ ಸುಳಿವು ಇರಬಹುದು.

1848ಕ್ಕೇ ಹೊರಟವರನ್ನು ಹಿಡಿಯಬಲ್ಲ ಸ್ಕಾಟ್ಲೆಂಡಿನ ಹೆಸರುವಾರು ಜನಗಣತಿ ಒಂದೇ, 1841ರದು. ಅದರಲ್ಲಿ ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ. 38 ಇದ್ದವರು 35 ಆಗುತ್ತಾರೆ. ವಯಸ್ಸು ಹೊಂದುತ್ತಿಲ್ಲವೆಂದು ಸರಿಯಾದವರನ್ನೇ ಬಿಟ್ಟುಬಿಡಬೇಡಿ.

ನನಗೆ ಬಹಳ ಹಿಡಿಸಿದ್ದು ಹೆಸರಿಡುವ ಪದ್ಧತಿ. ಹಿರಿಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು. ಹಿರಿಮಗಳಿಗೆ ತಾಯಿಯ ತಾಯಿಯ ಹೆಸರು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮಗೆ ಇದು ಹೊಸದಲ್ಲ. ಕಾರ್ನೆಗಿ ಮನೆಯಲ್ಲಿ ಅದು ಹಾಗೇ ಕೂಡಿಬರುತ್ತದೆ: ತಂದೆಯ ತಂದೆ ಆಂಡ್ರ್ಯೂ ಕಾರ್ನೆಗಿ, ತಾಯಿಯ ತಂದೆ ಥಾಮಸ್ ಮಾರಿಸನ್, ಮಕ್ಕಳು ಆಂಡ್ರ್ಯೂ ಮತ್ತು ಥಾಮಸ್. ಆದರೂ ಇದು ಸುಳಿವು ಮಾತ್ರ, ಪುರಾವೆಯಲ್ಲ. ಎಷ್ಟೋ ಮನೆಗಳು ಈ ಕ್ರಮವನ್ನು ಪಾಲಿಸಿಲ್ಲ.

ಪುರಾವೆ ಬೇಕೆಂದರೆ ಹೆಂಗಸರ ತವರಿನ ಹೆಸರನ್ನು ಹಿಡಿಯಿರಿ. ಸ್ಕಾಟ್ಲೆಂಡಿನ ದಾಖಲೆಗಳಲ್ಲಿ ಮದುವೆಯಾದ ಮೇಲೂ ಅದು ಉಳಿಯುತ್ತದೆ. ಸರ್ಕಾರಿ ನೋಂದಣಿ ಶುರುವಾದದ್ದು 1855ರಲ್ಲಿ, ಅದಕ್ಕೂ ಹಿಂದಿನದಕ್ಕೆ ಊರಿನ ಚರ್ಚುಗಳು ಇಟ್ಟ ಪ್ಯಾರಿಷ್ ಪುಸ್ತಕಗಳೇ ಗತಿ. ನಿಮ್ಮ ಪೂರ್ವಜ ಮೊದಲೇ ಹಡಗು ಹತ್ತಿದ್ದರೆ, ಊರಲ್ಲೇ ಉಳಿದ ಅಣ್ಣನನ್ನೋ ತಂಗಿಯನ್ನೋ ಹುಡುಕಿ. 1855ರ ನಂತರ ಅವರು ತೀರಿಕೊಂಡಿದ್ದರೆ ಮರಣಪತ್ರದಲ್ಲಿ ತಂದೆಯ ಹೆಸರು, ತಾಯಿಯ ತವರಿನ ಹೆಸರು ಎರಡಕ್ಕೂ ಜಾಗವಿದೆ. ಹಡಗು ಹತ್ತಿದವರ ತಂದೆತಾಯಿಯೂ ಅವರೇ.